ಬಂಡೆಯೊಳಗಿನ ಮೂರನೇ ಕೂಗು

"ಬಾಗಿಲು ತೆಗೀರಿ...! ಅದು ಬರ್ತಾ ಇದೆ... ಅಯ್ಯೋ, ತೆಗೀರೀ...!"

ಮಹಡಿಯ ಮೇಲಿಂದ ಹೆಂಗಸೊಬ್ಬಳ ಚೀರಾಟ ಕೇಳಿದ್ದೇ ತಡ, ಕೆಳಗಿನ ಪೂಜಾ ಸಾಮಾನಿನ ಗ್ರಂಥಿಗೆ ಅಂಗಡಿಯಲ್ಲಿ ಕುಂಕುಮ ಕಟ್ಟಿಸಿಕೊಳ್ಳುತ್ತಿದ್ದ ಸರಸಮ್ಮ ಚೀಲವನ್ನು ಅಲ್ಲೇ ಬಿಟ್ಟು ರಸ್ತೆಗೆ ಹಾರಿದಳು.

ಅಂಗಡಿಯವರ ಮಗಳು ಲೋಹಿತಾ ಮಾತ್ರ ದಡದಡನೆ ಮೆಟ್ಟಿಲು ಹತ್ತಿದಳು. ಹೆದರಿ ಅಲ್ಲ, ಉರಿದು!

ಬಾಗಿಲು ತಳ್ಳಿದರೆ ಒಳಗೆ ಹಾಡಹಗಲೇ ಕಗ್ಗತ್ತಲು. ಆ ಕೋಣೆಯ ಕಿಟಕಿಯಷ್ಟು ಒಳ್ಳೆಯ ಬೆಳಕು ಇಡೀ ಮಧುಗಿರಿಯಲ್ಲಿ ಇನ್ನೊಂದು ಮನೆಗಿಲ್ಲ. ತೆರೆದರೆ ಬೆಟ್ಟವೇ ಎದುರಿಗೆ. ಅಂಥ ಕಿಟಕಿಗೆ ಕಪ್ಪು ಬಟ್ಟೆ ಹೊಡೆದು ಒಬ್ಬ ಕಂಪ್ಯೂಟರ್ ಮುಂದೆ ಕೂತಿದ್ದ. ಚೀರಾಟ ಅದರೊಳಗಿಂದಲೇ ಬರುತ್ತಿತ್ತು.

"ರೀ, ನಿಲ್ಸ್ರೀ ಅದನ್ನ!"

"ಒಂದು ನಿಮಿಷ..." ಅವನು ತಿರುಗಿಯೂ ನೋಡಲಿಲ್ಲ.

ಲೋಹಿತಾ ಗೋಡೆಯ ಬಳಿ ಹೋಗಿ ಪ್ಲಗ್ ಕಿತ್ತಳು.

ಪರದೆ ಕಪ್ಪಾಯಿತು. ಅವನು ಎದ್ದು ನಿಂತ. ಕಣ್ಣು ಕೆಂಪಾಗಿತ್ತು.

"ಬೆಳಗಿನಿಂದ ಮಾಡಿದ ಕೆಲಸ ರೀ! ಸೇವ್ ಕೂಡ ಮಾಡಿರ್ಲಿಲ್ಲ!"

"ನಮ್ಮ ಗಿರಾಕಿ ಚೀಲ ಬಿಟ್ಟು ಓಡೋದ್ಲು! ಅದನ್ನ ಯಾರು ಸೇವ್ ಮಾಡ್ತಾರೆ? ಬಾಡಿಗೆಗೆ ಬಂದು ಹದಿನೈದು ದಿನ ಆಗಿಲ್ಲ, ಅಂಗಡೀನ ಸ್ಮಶಾನ ಮಾಡ್ಬುಟ್ರಲ್ಲ!"

"ನೀವು ಯಾರು?"

"ಈ ರೂಮು ಯಾರಿಗೆ ಬೇಕಿತ್ತೋ ಅವ್ಳು!"

ಇದೇ ಅವರ ಮೊದಲ ಭೇಟಿ. ಹೂವೂ ಇಲ್ಲ, ನಗುವೂ ಇಲ್ಲ.

ಅವಳ ಸಿಟ್ಟಿಗೆ ಕಾರಣವಿತ್ತು. ಲೋಹಿತಾ ರವಿಕೆಗಳಿಗೆ ಆರಿ ವರ್ಕ್ ಕಸೂತಿ ಹಾಕುತ್ತಿದ್ದಳು, ಹುಡುಗಿಯರಿಗೆ ಕಲಿಸುತ್ತಿದ್ದಳು. ಮನೆಯ ಪಡಸಾಲೆಯಲ್ಲಿ ಚೌಕಟ್ಟು ಹಾಕಿ ಬಟ್ಟೆ ಬಿಗಿದರೆ, ನೆಂಟರು ಬಂದಾಗಲೆಲ್ಲ ಬಿಚ್ಚಬೇಕು. ಒಮ್ಮೆ ಬಿಚ್ಚಿದರೆ ಬಟ್ಟೆ ಸಡಿಲ, ಕಸೂತಿ ಸೊಟ್ಟ. ಬೆಳಕಿರುವ ಒಂದು ಕೋಣೆ... ಅಷ್ಟೇ ಅವಳು ಕೇಳಿದ್ದು. ಆದರೆ ಅಪ್ಪ ಬಸವಲಿಂಗಯ್ಯ ಮೊದಲು ಕೇಳಿದವನಿಗೆ ಮಾತು ಕೊಟ್ಟಾಗಿತ್ತು.

ಜಗಳ ಕೇಳಿ ಬಸವಲಿಂಗಯ್ಯ ಮೇಲೆ ಬಂದರು. ತಕ್ಕಡಿ ಹಿಡಿದು ಅಭ್ಯಾಸವಾದ ಮನುಷ್ಯ. ತೀರ್ಪನ್ನೂ ಹಾಗೇ ತೂಗಿದರು.

"ನೋಡಪ್ಪಾ ರೇವಂತ್, ಬೆಂಗಳೂರಿನ ಕಂಪನಿಯವರು ನಿನ್ನ ಆಟ ಒಪ್ಪಿದ್ರೆ ಇನ್ನೊಂದು ವರ್ಷ ರೂಮು ನಿಂದು. ಒಪ್ಪದಿದ್ರೆ ಯುಗಾದಿಗೆ ಖಾಲಿ ಮಾಡು. ಆಮೇಲೆ ಲೋಹಿತಾ, ನಿಂದು. ಇಬ್ರೂ ಬಾಯಿ ಮುಚ್ಚಿ."

'ಒಪ್ಪದೇ ಇರಲಿ ಸ್ವಾಮಿ!' ಲೋಹಿತಾ ಮನಸ್ಸಿನಲ್ಲೇ ಕೈ ಮುಗಿದಳು.

ರೇವಂತನ ಊರು ಇಲ್ಲೇ ಸಿರಾ ಹತ್ತಿರ. ಆದರೆ ಅಪ್ಪ ರೈಲ್ವೆಯಲ್ಲಿದ್ದುದರಿಂದ ಬೆಳೆದದ್ದೆಲ್ಲ ನಾಗಪುರದ ಕ್ವಾರ್ಟರ್ಸಿನಲ್ಲಿ. ಈಗ ಒಬ್ಬನೇ ಕೂತು ಒಂದು ವಿಡಿಯೋ ಗೇಮ್ ಕಟ್ಟುತ್ತಿದ್ದ. ದೂರದ ಗ್ರಹವೊಂದರ ಬಂಡೆಯೊಳಗೆ ಕೊರೆದ ಠಾಣೆ. ಎಲ್ಲರೂ ಸತ್ತು ಒಬ್ಬಳೇ ಉಳಿದಿದ್ದಾಳೆ. ಬೆಳಕು, ನೆರಳು ಹೊಂದಿಸಿ ಒಂದೊಂದೇ ಬಾಗಿಲಿನ ಒಗಟು ಬಿಡಿಸಿ ಹೊರಗೆ ಬರಬೇಕು. ಆದರೆ ಬಂಡೆಯಲ್ಲಿ ಏನೋ ಇದೆ. ನಕ್ಷತ್ರಗಳಿಗಿಂತ ಹಳೆಯದು, ಆಕಾರವಿಲ್ಲದ್ದು. ಅದು ವೈರ್‌ಲೆಸ್ಸಿನಲ್ಲಿ ಆಡುವವರ ಹೆಸರು ಹಿಡಿದು ಕರೆಯುತ್ತದೆ. ಕೆಂಪು ಬಟನ್ ಒತ್ತಿ ಉತ್ತರ ಕೊಟ್ಟರೋ, ನೀವೆಲ್ಲಿದ್ದೀರಿ ಎಂದು ಅದಕ್ಕೆ ಗೊತ್ತಾಗುತ್ತದೆ!

ಕಂಪನಿಯ ಯಶೋಧರಾ ಮೇಡಂ ಒಂದೇ ಮಾತು ಹೇಳಿದ್ದರು. "ಆಟ ಗೊತ್ತಿಲ್ಲದವರಿಂದ ಆಡಿಸಿ, ಅವರ ಮುಖದ ವಿಡಿಯೋ ಕಳಿಸಿ. ನನಗೆ ಭಯ ಕಾಣಬೇಕು."

ರೇವಂತ್ ಊರಿನ ಐದಾರು ಜನರನ್ನು ಹಿಡಿದು ತಂದ. ಲೋಹಿತಾಳ ಗೆಳತಿ, ಬ್ಯಾಂಕಿನ ಅಶ್ವಿನಿಯೂ ಬಂದಳು. ಎಲ್ಲರೂ ಒಗಟು ಬಿಡಿಸಿದರು. ಕತ್ತಲಲ್ಲಿ ಆ ದನಿ, ಕೆಳಗಿನ ಅಂಗಡಿಗೂ ಕೇಳುವಂತೆ, ಅವರವರ ಹೆಸರನ್ನು ಒಂದು ಸಲ ಕರೆಯಿತು...

ಯಾರೂ ಬಟನ್ ಒತ್ತಲಿಲ್ಲ!

ಒಬ್ಬರೂ ಓಗೊಡಲಿಲ್ಲ. ಸುಮ್ಮನೆ ಕೂತರು. ದನಿ ನಿಂತಿತು, ಬಾಗಿಲು ತೆರೆಯಿತು, ಭಯದ ಭಾಗವೇ ಬಾರದೆ ಆಟ ಮುಗಿಯಿತು.

"ಯಾಕೆ ಒತ್ತಲಿಲ್ಲ?" ರೇವಂತ್ ಅಂಗಲಾಚಿದ.

"ಯಾಕೋ... ಒತ್ಬೇಕು ಅನ್ನಿಸ್ಲಿಲ್ಲಪ್ಪ," ಎಂದಳು ಅಶ್ವಿನಿ, ಎಲ್ಲೋ ನೋಡುತ್ತಾ. ಹೋಗುವಾಗ ಇನ್ನೊಂದು ಮಾತು ಸೇರಿಸಿದಳು. "ಲೋಹಿ ಹೇಳಿದ್ಲು, ಹೆದ್ರುಕೋಬೇಡ, ಬರೀ ಸದ್ದು ಅಷ್ಟೇ ಅಂತ."

ಅನುಮಾನ ಪಡಲು ಅಷ್ಟು ಸಾಕಾಯಿತು. ರೇವಂತ್ ಅಂಗಡಿಗೇ ಇಳಿದು ಬಂದ.

"ಎಲ್ಲರಿಗೂ ಮೊದಲೇ ಹೇಳಿಕೊಟ್ಟಿದ್ದೀರಲ್ಲ? ಬಟನ್ ಒತ್ತಬೇಡಿ ಅಂತ?"

ಲೋಹಿತಾಳ ಕೈಯಲ್ಲಿದ್ದ ಕರ್ಪೂರದ ಡಬ್ಬಿ ಅಲ್ಲೇ ನಿಂತಿತು. "ಏನಂದ್ರಿ?"

"ಒಂದು ರೂಮಿಗೋಸ್ಕರ ಇಷ್ಟು ಕೀಳಾಗಿ..."

"ಸಾಕು! ನಾನು ಏನೇ ಮಾಡಿದ್ರೂ ಎದ್ರಿಗೇ ಮಾಡೋಳು. ಪ್ಲಗ್ ಕಿತ್ತಾಗ ನಿಮ್ಮ ಮುಂದೇನೇ ಕಿತ್ತೆ, ಕಳ್ಳೀ ಹಂಗೆ ಕೀಳ್ಲಿಲ್ಲ!"

"ಮತ್ತೆ ಒಬ್ಬರೂ ಯಾಕೆ ಒತ್ತಲಿಲ್ಲ?"

"ನಿಮ್ಮ ದೆವ್ವಕ್ಕೆ ಯೋಗ್ಯತೆ ಇಲ್ಲ, ಅದಕ್ಕೆ!"

ಅವನು ಹೋದ ಮೇಲೆ ಅವಳು ಡಬ್ಬಿಯನ್ನು ಟಪ್ಪನೆ ಕುಕ್ಕಿದಳು. 'ಕೀಳು' ಅಂದುಬಿಟ್ಟನಲ್ಲ... ಅವನು ನನ್ನನ್ನು ಏನೆಂದುಕೊಂಡರೆ ನನಗೇನು? ಆದರೂ ಯಾಕೆ ಇಷ್ಟು ನೋಯುತ್ತಿದೆ?

ಮರುದಿನ ಮೆಟ್ಟಿಲಲ್ಲಿ ಎದುರಾದರೆ ಇಬ್ಬರೂ ಗೋಡೆ ನೋಡಿದರು. ಅದರ ಮರುದಿನ ಅವನು ರಟ್ಟಿನ ಪೆಟ್ಟಿಗೆಗಳನ್ನು ಮೇಲಕ್ಕೆ ಸಾಗಿಸಿದ. ಖಾಲಿ ಮಾಡುವ ಸಿದ್ಧತೆ. ಕೋಣೆ ಅವಳದಾಗುತ್ತಿತ್ತು. ಖುಷಿಯಾಗಬೇಕಿತ್ತು!

ಆ ಸಂಜೆ ಲೋಹಿತಾಳ ತಾಯಿ ಸರ್ವಮಂಗಳಾ ದೇವರ ಮನೆಯಲ್ಲಿ ದೀಪ ಹಚ್ಚುತ್ತಿದ್ದರು. ಕರೆಂಟು ಹೋಗಿತ್ತು.

"ಲೋಹಿತಾ..." ಹೊರಗಿನಿಂದ ಯಾರೋ ಕರೆದರು.

ಏಳಹೊರಟ ಮಗಳ ಕೈಯನ್ನು ತಾಯಿ ಹಿಡಿದರು. ಸುಮ್ಮನಿರು ಎಂದು ತುಟಿಯ ಮೇಲೆ ಬೆರಳು.

"ಲೋಹಿತಮ್ಮಾ..." ಎರಡನೇ ಸಲ.

"ಲೇ ಲೋಹಿ, ಬದ್ಕಿದೀಯೇನೇ!" ಮೂರನೇ ಸಲ.

"ಯಾರು? ಸರಸಮ್ಮನಾ? ಬಾ ಒಳಗೆ," ಎಂದು ಆಗ ತಾಯಿ ಓಗೊಟ್ಟರು. ಮಗಳ ಕಡೆ ತಿರುಗಿ, "ಕತ್ಲಲ್ಲಿ ಕೂಗಿದ್ ತಕ್ಷಣ ಓ ಅಂತಾರೇನೇ? ಅದು ಒಂದೇ ಸಲ ಕೂಗೋದು. ಮೂರು ಸಲ ಕೂಗೋರು ಮನುಷ್ಯರು," ಎಂದರು, ನೂರಾರು ಸಲ ಹೇಳಿದ್ದನ್ನೇ ಮತ್ತೆ ಹೇಳುವವರಂತೆ.

ಲೋಹಿತಾ ಕೂತಲ್ಲೇ ನೆಟ್ಟಗಾದಳು.

ಅಯ್ಯೋ... ಇದಾ?

ಅಶ್ವಿನಿ ಬಾಯಿಬಿಟ್ಟು ಹೇಳಲಿಲ್ಲ, ಯಾಕೆಂದರೆ ಬ್ಯಾಂಕಿನಲ್ಲಿ ಕೆಲಸ ಮಾಡುವವಳು ದೆವ್ವದ ಮಾತಾಡಿದರೆ ನಗುತ್ತಾರೆ. ಮಿಕ್ಕವರಿಗೆ ಕಾರಣ ಹೊಳೆದೇ ಇರಲಿಲ್ಲ. ಹುಟ್ಟಿದಾಗಿನಿಂದ ಬಂದ ಅಭ್ಯಾಸ ಯಾರ ಕಣ್ಣಿಗೆ ಬೀಳುತ್ತದೆ? ನಾಗಪುರದ ಕ್ವಾರ್ಟರ್ಸಿನಲ್ಲಿ ಬೆಳೆದವನಿಗೆ ಇದನ್ನು ಯಾರು ಕಲಿಸಬೇಕಿತ್ತು!

ಈಗ ಸುಮ್ಮನಿದ್ದರೆ ಯುಗಾದಿಗೆ ಕೋಣೆ ತನ್ನದು. ಆ ಬೆಳಕು, ಬಿಚ್ಚಬೇಕಿಲ್ಲದ ಚೌಕಟ್ಟು, ಸಾಲಾಗಿ ಕೂತ ಹುಡುಗಿಯರು... ಎಲ್ಲವೂ ಕಣ್ಣ ಮುಂದೆ ಬಂತು. ಆದರೆ ಸುಮ್ಮನಿದ್ದರೆ, ಅವನಂದ 'ಕೀಳು' ಎಂಬ ಮಾತು ನಿಜವಾಗುತ್ತದೆ.

'ಥೂ!' ಎಂದು ತನಗೇ ಬೈದುಕೊಂಡು, ಕರೆಂಟು ಬಂದದ್ದೇ ಮೆಟ್ಟಿಲು ಹತ್ತಿದಳು.

"ನಿಮ್ಮ ಮೇಲೆ ಕರುಣೆಯಿಂದ ಬಂದಿಲ್ಲ," ಎಂದಳು ಬಾಗಿಲಲ್ಲೇ ನಿಂತು. "ಸುಳ್ಳು ಆಪಾದನೆ ಹೊತ್ಕೊಂಡು ಇರಕ್ಕಾಗಲ್ಲ, ಅದಕ್ಕೆ ಬಂದೆ. ನಿಮ್ಮ ದೆವ್ವ ಒಂದೇ ಸಲ ಕೂಗ್ತೈತೆ. ನಮ್ಮೂರಲ್ಲಿ ಒಂದು ಕೂಗಿಗೆ ಯಾರೂ ಓ ಅನ್ನಲ್ಲ."

ಪೂರ್ತಿ ಕೇಳುವ ಹೊತ್ತಿಗೆ ಅವನ ಮುಖ ಇಳಿದುಹೋಗಿತ್ತು.

"ಅಂದರೆ... ನೀವು ಯಾರಿಗೂ..."

"ಕ್ಷಮೆ ಆಮೇಲೆ ಕೇಳೀರಂತೆ. ಮೊದ್ಲು ಇದನ್ನ ಕೇಳಿ. ಮೂರು ಸಲ ಕೂಗಿದ್ರೆ ಮನುಷ್ಯರೇ ಅಂತ ನಾವು ನಂಬ್ತೀವಿ. ಅದೊಂದೇ ನಮಗಿರೋ ಧೈರ್ಯ. ಆ ಲೆಕ್ಕ... ಅದಕ್ಕೂ ಗೊತ್ತಾಗ್ಬುಟ್ರೆ?"

ರೇವಂತನ ತೋಳಿನ ಕೂದಲು ನೆಟ್ಟಗಾದವು. ಅವನು ಮೈಕನ್ನು ಅವಳ ಮುಂದೆ ಸರಿಸಿದ.

"ನಾನಾ?"

"ನನಗೆ ಹಾಗೆ ಕರೆಯೋಕೆ ಬರಲ್ಲ. ನನ್ನ ಯಾರೂ ಹಾಗೆ ಕರೆದಿಲ್ಲ. ಯಾವುದಾದರೂ ಒಂದು ಹೆಸರು ಹಿಡಿದು ಕರೀರಿ."

ಅವಳು ಮೊದಲು ದೂರದಿಂದ ಬಂದಂತೆ ಕರೆದಳು. ಎರಡನೆಯದಕ್ಕೆ ಸ್ವಲ್ಪ ಹತ್ತಿರ ಬಂದಳು. ಮೂರನೆಯದನ್ನು, ತಟ್ಟೆ ಹಾಕಿಟ್ಟು ಮನೆಯವರು ಊಟಕ್ಕೆ ಕರೆಯುವಂತೆ ಕರೆದಳು.

"ರೇವಂತ್... ಬಾರೋ."

"ಓ..." ಎಂದುಬಿಟ್ಟ ಅವನು!

ಇಬ್ಬರೂ ಬೆಚ್ಚಿದರು. ಅವನ ಕಿವಿ ಕೆಂಪಾಯಿತು. ಲೋಹಿತಾಳ ಎದೆ ಹೊಡೆದುಕೊಂಡ ಸದ್ದು ಮೈಕಿನಲ್ಲೂ ಬಂದಿರಬೇಕು.

"ಬೇರೆ ಹೆಸರು ಕೊಡ್ರೀ!" ಎಂದು ಸಿಡುಕಿದಳು.

ವಾರ ಕಳೆದು ಅಶ್ವಿನಿಯನ್ನು ಮತ್ತೆ ಕೂರಿಸಿದರು. ಮೂರನೇ ಕೂಗಿಗೆ ಅವಳು ನಿಟ್ಟುಸಿರು ಬಿಟ್ಟು, "ಹಾ... ಯಾರು?" ಎಂದು ಬಟನ್ ಒತ್ತಿದಳು. ಈ ಸಲ ಚೀರಾಟವಿಲ್ಲ. ನಕ್ಷತ್ರಗಳು ಒಂದೊಂದಾಗಿ ಆರಿದವು. ಅಷ್ಟು ಹೊತ್ತೂ ಗೋಡೆ ಅಂದುಕೊಂಡಿದ್ದ ಬಂಡೆ, ರೆಪ್ಪೆಯಂತೆ ನಿಧಾನವಾಗಿ ತೆರೆಯಿತು...

"ಅವ್ವಾ...!" ಅಶ್ವಿನಿ ಕುರ್ಚಿ ಸಮೇತ ಹಿಂದಕ್ಕೆ ಬಿದ್ದಳು. "ಲೇ ಲೋಹಿ, ನಿಂಗೆ ಒಳ್ಳೇದಾಗಲ್ಲ ಕಣೇ!"

ವಿಡಿಯೋ ನೋಡಿದ ಯಶೋಧರಾ ಮೇಡಂ ಫೋನು ಮಾಡಿ, "ಆಟ ನಮ್ಮದು" ಎಂದರು.

ಬಸವಲಿಂಗಯ್ಯ ಮಾತಿಗೆ ತಪ್ಪುವವರಲ್ಲ. ಕೋಣೆ ಇನ್ನೊಂದು ವರ್ಷ ರೇವಂತನದು. ತನ್ನ ಕೈಯಾರೆ ಕೋಣೆ ಕಳೆದುಕೊಂಡ ಲೋಹಿತಾ ಆ ರಾತ್ರಿ ಊಟ ಬಿಡಲಿಲ್ಲ, ಅಳಲಿಲ್ಲ. ಪಡಸಾಲೆಯ ಚೌಕಟ್ಟನ್ನು ಬಿಚ್ಚಿ, ಮಡಿಸಿ, ಮಂಚದ ಕೆಳಗೆ ತಳ್ಳಿದಳು.

ಬೆಳಗ್ಗೆ ನೋಡಿದರೆ ರೇವಂತ್ ಪೆಟ್ಟಿಗೆಗಳನ್ನು ಕೆಳಗಿಳಿಸುತ್ತಿದ್ದಾನೆ! ಲೋಹಿತಾ ಓಡಿ ಮೇಲೆ ಹೋದಳು. ಕಿಟಕಿಯ ಕಪ್ಪು ಬಟ್ಟೆ ಇರಲಿಲ್ಲ. ಕೋಣೆಯ ತುಂಬ ಬೆಳಕು.

"ಏನ್ರೀ ಇದು? ನಾನೇನು ಭಿಕ್ಷೆ ಕೇಳಿದ್ನಾ? ಗೆದ್ದಿರೋದು ನೀವು. ಇರ್ರೀ ಇಲ್ಲೇ!"

"ಇರಲ್ಲ."

"ತಪ್ಪು ಮಾಡಿದ್ದಕ್ಕೆ ಪ್ರಾಯಶ್ಚಿತ್ತನಾ? ನಂಗೇನೂ ಬೇಕಾಗಿಲ್ಲ ಅದು!"

"ಪ್ರಾಯಶ್ಚಿತ್ತ ಅಲ್ಲ ರೀ. ಸ್ವಾರ್ಥ." ಅವನು ಹಿಡಿದಿದ್ದ ಪೆಟ್ಟಿಗೆಯನ್ನು ಕೆಳಗಿಟ್ಟ. "ಈ ರೂಮಿನಲ್ಲಿ ಇರೋವರೆಗೂ ನಾನು ನಿಮ್ಮಪ್ಪನ ಬಾಡಿಗೆದಾರ. ಬಾಡಿಗೆಗೆ ಬಂದವನು ಓನರ್ ಮಗಳನ್ನ ಕೇಳಿದರೆ, ನಂಬಿ ಮನೆ ಕೊಟ್ಟವರಿಗೆ ದ್ರೋಹ ಮಾಡಿದಂಗೆ ಅಲ್ವಾ? ಅದಕ್ಕೇ ಮೊದಲು ಖಾಲಿ ಮಾಡ್ತಿದೀನಿ... ಆಮೇಲೆ ಕೇಳ್ತೀನಿ."

ಲೋಹಿತಾ ಪೆಟ್ಟಿಗೆಯ ಮುಚ್ಚಳ ತೆಗೆದು ಮತ್ತೆ ಮುಚ್ಚಿದಳು.

"ನಾನು ಕೀಳು ಅಂದೆ," ಎಂದ ಅವನು, ತಲೆ ತಗ್ಗಿಸಿ. "ಆ ಮಾತನ್ನ ಅನ್ನಿಸಿಕೊಂಡೂ ನೀವು ಮೆಟ್ಟಿಲು ಹತ್ತಿ ಬಂದ್ರಿ. ಅವತ್ತಿನಿಂದ ನನಗೆ ನಿದ್ದೆ ಇಲ್ಲ."

"ನಮ್ಮಪ್ಪ ಒಪ್ಪಲ್ಲ," ಎಂದಳು ಕೊನೆಗೆ, ಕಿಟಕಿಯ ಕಡೆ ತಿರುಗಿ. "ನೀವು ಬೇರೆ ಜನ, ನಾವು ಬೇರೆ ಜನ."

"ಎದುರಿನ ಹಳೇ ಹಿಟ್ಟಿನ ಗಿರಣಿ ಬಾಡಿಗೆಗೆ ಹಿಡಿದಿದ್ದೀನಿ. ಅವರು ಒಪ್ಪೋವರೆಗೂ ಅಲ್ಲೇ ಇರ್ತೀನಿ."

"ಅಲ್ಲಿಂದ ಚೀರಿಸಿ ಒಪ್ಪಿಸ್ತೀರಾ?"

"ಇಲ್ಲ. ದಿನಾ ಅವರ ಅಂಗಡಿಗೇ ಬಂದು ಸಾಮಾನು ತಗೋತೀನಿ. ಎಷ್ಟು ದಿನ ಅಂತ ಮುಖ ತಿರುಗಿಸ್ತಾರೆ?"

ಅವಳಿಗೆ ನಗು ಬಂತು, ಕಣ್ಣೂ ತುಂಬಿತು. ಎರಡನ್ನೂ ಸೆರಗಿನಲ್ಲಿ ಒರೆಸಿಕೊಂಡು, ಕಂಪ್ಯೂಟರಿನ ಟೇಬಲ್ಲಿನ ಒಂದು ತುದಿ ಹಿಡಿದಳು.

"ಆ ಕಡೆ ಹಿಡೀರಿ. ಮೆಟ್ಲು ಕಿರಿದು, ಒಬ್ರೇ ಇಳಿಸಿದ್ರೆ ಕೈ ಮುರ್ಕೋತೀರ."

ಅವನು ಹಿಡಿಯಲಿಲ್ಲ, ಅವಳನ್ನೇ ನೋಡುತ್ತಾ ನಿಂತ. "ಇದು... ಒಪ್ಪಿಗೆನಾ?"

"ಇದು ಟೇಬಲ್ಲು."

"ಲೋಹಿತಾ..."

"ಮೊದ್ಲು ಇದನ್ನ ಗಿರಣಿಗೆ ಸೇರ್ಸೋಣ. ನಾಳೆ ಸಂಜೆ ಬನ್ನಿ, ಅಪ್ಪ ಅಂಗಡೀಲಿ ಒಬ್ರೇ ಇರ್ತಾರೆ." ಅವಳ ದನಿ ತಗ್ಗಿತು. "ಅವ್ರು ನನ್ನೂ ಕೇಳ್ತಾರೆ, ನಿನ್ನ ಮನಸ್ಸಲ್ಲಿ ಏನೈತೆ ಅಂತ."

"ಕೇಳಿದರೆ?"

"ನಾನು ಸುಳ್ಳು ಹೇಳಲ್ಲ," ಎಂದಳು ಲೋಹಿತಾ. "ಹಿಡೀರಿ ಈಗ... ನಿಧಾನ. ನಾನಿದೀನಿ ಈ ಕಡೆ."