ಮಿಕ್ಕ ಕಪ್ಪು ಬಣ್ಣದ ಡಬ್ಬ

ಬಾಗಿಲ ಮೇಲೆ ಮೂರು ದಿನ ಕೂತು ಬರೆದ ಬಣ್ಣದ ಬಳ್ಳಿಯನ್ನು ಒರೆಸಿಹಾಕಲು ಪಾಲಾಕ್ಷನಿಗೆ ಅರ್ಧ ಗಳಿಗೆಯೂ ಹಿಡಿಯಲಿಲ್ಲ. ಚನ್ನರಾಯಪಟ್ಟಣದ ಕೊಬ್ಬರಿ ಮಂಡಿ ಚಂದ್ರಶೇಖರಯ್ಯನವರು ತಮ್ಮ ಮನೆಯ ತಲೆಬಾಗಿಲ ಮುಂದೆ ನಿಂತು, ಕೊಬ್ಬರಿ ಗಾಡಿಯವರ ಎದುರಿಗೇ ಹೇಳಿದ್ದರು: "ನಿನ್ನ ಕರೆಸಿದ್ದು ಬಳಿಯೋಕೆ ಕಣಯ್ಯ, ಬರೆಯೋಕಲ್ಲ. ಒರೆಸು." ಗಾಡಿಯವರು ನಕ್ಕರು. ತನ್ನೂರು ಹೊಳೆನರಸೀಪುರದಲ್ಲಿ ಅವನ ಕೈ ಬಳ್ಳಿ ಇಲ್ಲದ ಒಳ್ಳೆ ಬಾಗಿಲೇ ಇರಲಿಲ್ಲ. ಅಂಥವನು ಸೀಮೆಎಣ್ಣೆ ಬಟ್ಟೆ ಹಿಡಿದು, ಒಂದೊಂದೇ ಎಲೆ ಅಳಿಸಿದ. ಆ ನಗು ಊಟಕ್ಕೆ ಕೂತಾಗಲೂ ಕಿವಿಯಲ್ಲೇ ಇತ್ತು.

ಆಮೇಲೆ ಅವನ ಕಣ್ಣು ಬಿದ್ದದ್ದು ಯಜಮಾನಿ ಗುರುಸಿದ್ದಮ್ಮನವರ ಎರಡೆಳೆ ಚಿನ್ನದ ಸರದ ಮೇಲೆ. ಶುಕ್ರವಾರ ಎಣ್ಣೆನೀರು ಹಾಕಿಕೊಳ್ಳುವಾಗ ಅದನ್ನು ತೆಗೆದು ಬಚ್ಚಲ ಹೊರಗಿನ ಗೂಡಿನಲ್ಲಿಡುತ್ತಿದ್ದರು. ಪಕ್ಕದ ಕಿಟಕಿಯ ಸರಳುಗಳಿಗೆ ಕಪ್ಪು ಬಳಿಯುತ್ತಿದ್ದವನು ಇವನೇ. ತೆಗೆಯುವುದು ಸುಲಭ, ಇಡುವುದೆಲ್ಲಿ? ಬಣ್ಣದವನ ಚೀಲವನ್ನು ಮೊದಲು ತಡಕುತ್ತಾರೆ, ಆಮೇಲೆ ಅವನ ಮನೆ. ಯಾರೂ ತಡಕದ ಜಾಗ ಒಂದೇ: ಕಳಕೊಂಡವರ ಅಟ್ಟ.

ಮಿಕ್ಕ ಬಣ್ಣ ಜೋಪಾನ ಮಾಡುವುದರಲ್ಲಿ ಪಾಲಾಕ್ಷನನ್ನು ಮೀರಿಸಿದವರಿರಲಿಲ್ಲ. ಗಾಳಿ ತಾಗದಂತೆ ಮೇಲೆ ಎರಡು ಬೆರಳು ಅಗಸೆ ಎಣ್ಣೆ ನಿಲ್ಲಿಸುವನು. ಮುಚ್ಚಳದ ಸುತ್ತ ಸುಣ್ಣದ ಮೆತ್ತು ಕಟ್ಟಿ, ಅದರ ಮೇಲೆ ಹೆಬ್ಬೆರಳು ಒತ್ತುವನು. ಉಳಿ ತಾಗಿ ನಡುವೆ ಸೀಳಿದ ಬೆರಳು, ಅಂಥ ಗುರುತು ತಾಲ್ಲೂಕಿನಲ್ಲಿ ಇನ್ನೊಂದಿಲ್ಲ.

ಸರ ಯಾವ ಡಬ್ಬದೊಳಗೆ ಎಂದು ಎರಡು ದಿನ ಯೋಚಿಸಿದ. ಹಸಿರು, ಕೆಂಪು ಬೇಡ. ಸಂಕ್ರಾಂತಿ ಬಂದರೆ ಎತ್ತಿನ ಕೊಂಬಿಗೆ ಅಂತ ಬೀದಿಯವರೆಲ್ಲ ಕೇಳಿಕೊಂಡು ಬರುತ್ತಾರೆ. ಕಪ್ಪನ್ನು ಮಾತ್ರ ಯಾರೂ ಒಳ್ಳೆ ಕೆಲಸಕ್ಕೆ ಮುಟ್ಟುವುದಿಲ್ಲ. ಮುಂದಿನ ವರ್ಷ ಸರಳಿಗೆ ಇನ್ನೊಂದು ಕೈ ಹೊಡೆಯಲು ತಾನೇ ಬರುವುದು, ತಾನೇ ಬಿಚ್ಚುವುದು.

ಕೆಲಸದ ಮಾದಮ್ಮ ಮಜ್ಜಿಗೆ ತಂದಾಗಲೆಲ್ಲ ಇದೇ ಯೋಚನೆಯಲ್ಲಿರುತ್ತಿದ್ದ. ಅವಳಿಗೆ ಸುಮ್ಮನಿದ್ದು ಗೊತ್ತಿಲ್ಲ. ಅವನು ಬಣ್ಣ ಸೋಸುವ ಹಳೇ ಸೀರೆ ತುಂಡಿನ ಒಂದು ತುದಿ ಹಿಡಿದುಕೊಂಡು, "ಇದೇನಣ್ಣ, ಬಣ್ಣಾನೂ ಕಾಪಿ ಇಳ್ಸ್‌ದಂಗೆ ಇಳ್ಸ್ತೀರಿ?" ಎನ್ನುವಳು.

"ಗಟ್ಟಿ ಗರಣೆ ಬಾಗ್ಲ ಮೇಲೆ ಬಿದ್ರೆ ನಿಮ್ಮೆಜಮಾನ್ರು ನನ್ನ ಇಳ್ಸ್ತಾರೆ ಕಣಮ್ಮ. ಇಟ್ಟ ಬಣ್ಣ ಸೋಸ್ದೆ ಕುಂಚ ಅದ್ದಬಾರ್ದು."

"ನಿಮ್ ಕೈ ಬಳ್ಳಿ ಅಳಿಸ್ಬಾರದಿತ್ತು ಅವ್ರು," ಅಂದಳು ಒಂದು ದಿನ. ಅವನು ಮಜ್ಜಿಗೆ ಕುಡಿದು ಲೋಟ ಅವಳ ಕೈಗಿತ್ತ.

ಕೆಲಸದ ಕೊನೆಯ ದಿನ, ಹದಿನೆಂಟನೆಯದು, ಶುಕ್ರವಾರ. ಬಚ್ಚಲಲ್ಲಿ ನೀರು ಸುರಿಯುವ ಸದ್ದು ಕೇಳಿದಾಗ ಸರ ಕಪ್ಪಿನೊಳಗೆ ಇಳಿಯಿತು. ಅದರ ಮೇಲೆ ಎಣ್ಣೆ ನಿಂತಿತು. ಚಂದ್ರಶೇಖರಯ್ಯನವರನ್ನೇ ಕರೆದು, ಅವರ ಕಣ್ಣೆದುರಿಗೆ ಮೆತ್ತು ಕಟ್ಟಿ ಬೆರಳು ಒತ್ತಿದ. "ಈ ಒತ್ತು ಇರೋಗಂಟ ನಾನು ಜವಾಬ್ದಾರಿ ಸಾ. ಯಾರಾದ್ರೂ ಬಿಚ್ಚಿದ್ರೆ ನಂಗೆ ಗೊತ್ತಾಯ್ತದೆ." ಯಜಮಾನರೇ ಡಬ್ಬವನ್ನು ಅಟ್ಟಕ್ಕೆ ಏರಿಸಿದರು.

ಅವನು ಬಸ್ಸು ಹತ್ತುವ ಮೊದಲೇ ಮನೆಯಲ್ಲಿ ಗಲಾಟೆ ಎದ್ದಿತು. ಪಾಲಾಕ್ಷ ತಾನಾಗಿಯೇ ವಾಪಸು ಬಂದು ಚೀಲ ಕೊಡವಿದ, ಅಂಗಿ ಬಿಚ್ಚಿದ. ಏನೂ ಇಲ್ಲ. ಎಲ್ಲರ ಕಣ್ಣೂ ಮೆಲ್ಲಗೆ ಮಾದಮ್ಮನ ಕಡೆ ತಿರುಗಿತು.

ಇದನ್ನು ಅವನು ಎಣಿಸಿರಲಿಲ್ಲ ಎಂದಲ್ಲ, ಎಣಿಸಿ ಪಕ್ಕಕ್ಕಿಟ್ಟಿದ್ದ. ಅವಳನ್ನು ದೇವಸ್ಥಾನಕ್ಕೆ ಕರೆದೊಯ್ದು ಆಣೆ ಮಾಡಿಸಿದರಂತೆ, ಒಳಗೆ ಸೇರಿಸದೆ ಹಿತ್ತಲ ಕೆಲಸಕ್ಕಷ್ಟೇ ಇಟ್ಟುಕೊಂಡಿದ್ದಾರಂತೆ ಎಂದು ಸಂತೆಯಲ್ಲಿ ಯಾರೋ ಹೇಳಿದರು. ಅವತ್ತಿನಿಂದ ಯಾರು ಮಜ್ಜಿಗೆ ಕೊಟ್ಟರೂ ಅವನು ಬೇಡವೆನ್ನುತ್ತಿದ್ದ. ಹೋಗಿ ಒಪ್ಪಿಕೊಂಡುಬಿಡಲೇ ಎಂದು ಒಮ್ಮೆ ಅನ್ನಿಸಿತು. ಗಾಡಿಯವರ ನಗು ನೆನಪಾಗಿ ಸುಮ್ಮನಾದ.

ಆರು ತಿಂಗಳಿಗೆ ಕಾರ್ಡು ಬಂತು. ಯುದ್ಧದ ದೆಸೆಯಿಂದ ಅಂಗಡಿಯಲ್ಲಿ ಕಪ್ಪು ಬಣ್ಣವಿಲ್ಲ, ಸ್ಕೂಲಿನ ಬೋರ್ಡು ಬೆಳ್ಳಗಾಗಿದೆ, ನಂಜುಂಡಯ್ಯ ಮೇಷ್ಟ್ರು ಕೇಳುತ್ತಿದ್ದಾರೆ, ನಿನ್ನ ಡಬ್ಬ ಕೊಡುತ್ತೇನೆ, ನೀನೇ ಬಂದು ಬಳಿದುಕೊಡು ಎಂದು ಚಂದ್ರಶೇಖರಯ್ಯನವರು ಬರೆಸಿದ್ದರು. ಪಾಲಾಕ್ಷ ಕಾರ್ಡನ್ನು ಎರಡು ಸಲ ಓದಿದ. ಆಮೇಲೆ ನಗು ಬಂತು. ಕಳಕೊಂಡವರೇ ಕರೆದು ಕೈಗೆ ಕೊಡುತ್ತಿದ್ದಾರೆ. ಸ್ಕೂಲಿನ ಮೂಲೆಯಲ್ಲಿ ಕೂತು ಡಬ್ಬ ಬಿಚ್ಚುವುದು, ಕಡ್ಡಿಯಲ್ಲಿ ಕಲಕುವುದು, ಕೈ ಇಳಿಬಿಡುವುದು. ಬಣ್ಣದವನ ಕೈ ಕಪ್ಪಾದರೆ ಯಾರು ಕೇಳುತ್ತಾರೆ? ಬರುವ ವಾರ ಮಾದಮ್ಮನಿಗೊಂದು ಸೀರೆ ಕಳಿಸೋಣ ಎಂದೂ ಇದ್ದಿಲಿನಿಂದ ಓಡುವ ಬಸ್ಸಿನಲ್ಲಿ ತೀರ್ಮಾನಿಸಿದ.

ಚಂದ್ರಶೇಖರಯ್ಯನವರ ಹಿತ್ತಲಿಗೆ ಬಂದಾಗ ಎಲ್ಲರೂ ಒಂದು ಬಕೆಟ್ಟಿನ ಸುತ್ತ ನೆರೆದಿದ್ದರು. ಗುರುಸಿದ್ದಮ್ಮನವರು ಮಾದಮ್ಮನ ಭುಜ ಹಿಡಿದುಕೊಂಡು ನಿಂತಿದ್ದರು. ಮೇಷ್ಟ್ರ ಕೈಯಲ್ಲಿ ಡಬ್ಬದಿಂದ ಇಡಿಯಾಗಿ ಎಬ್ಬಿಸಿದ ಒಣ ಮೆತ್ತಿನ ಬಿಲ್ಲೆಯಿತ್ತು, ಸೀಳು ಹೆಬ್ಬೆರಳ ಗುರುತು ಮುಕ್ಕಾಗದೆ ಉಳಿದಿತ್ತು. "ಇದು ನೀನು ಒತ್ತಿದ್ದು ತಾನೆ? ನಾವು ಎಬ್ಬಿಸೋಗಂಟ ಯಾರೂ ಮುಟ್ಟಿರಲಿಲ್ಲ," ಅಂದರು ಚಂದ್ರಶೇಖರಯ್ಯ. ಬಕೆಟ್ಟಿನ ಬಾಯಿಗೆ ಕಟ್ಟಿದ ಹಳೇ ಸೀರೆ ತುಂಡಿನಿಂದ ಕಪ್ಪು ಇನ್ನೂ ತೊಟ್ಟಿಕ್ಕುತ್ತಿತ್ತು. ಅದರ ನಡುವೆ ಎರಡೆಳೆಯಾಗಿ ಏನೋ ಸುರುಳಿ ಸುತ್ತಿ ಕೂತಿತ್ತು. ಮಾದಮ್ಮ ಅವನನ್ನೇ ನೋಡುತ್ತಿದ್ದಳು. ಮೊಣಕೈವರೆಗೆ ಅವಳ ಕೈ ಕಪ್ಪಾಗಿತ್ತು. "ನೀವು ಬರೋ ಹೊತ್ಗೆ ತಯಾರಿರ್ಲಿ ಅಂತ ಸೋಸ್ದೆ ಕಣಣ್ಣ," ಅಂದಳು. "ಇಟ್ಟ ಬಣ್ಣ ಸೋಸ್ದೆ ಕುಂಚ ಅದ್ದಬಾರ್ದು ಅಂದಿದ್ರಲ್ಲ."