ಅತ್ತೆಯ ಬಲಗೈ

ಸಂಜೆಯ ತೇರ್ಸ್ ಪ್ರಾರ್ಥನೆ ಮುಗಿದಿತ್ತು. ಜಪಸರವನ್ನು ಪೀಠದ ಬಳಿಯ ಮೊಳೆಗೆ ತೂಗುಹಾಕಿ, ಡುಲ್ಸಿನ್ ಅತ್ತೆಯ ಮುಂದೆ ಕೈಮುಗಿದು ತಲೆಬಾಗಿ, "ಬೆಸಾಂವ್ ದೀ, ಮಾಂಯ್" ಎಂದಳು. ಪ್ರಾರ್ಥನೆಯ ನಂತರ ಕಿರಿಯರು ಹೀಗೆ ಆಶೀರ್ವಾದ ಬೇಡದೆ ಬಜಗೋಳಿಯ ಆ ಮನೆಯಲ್ಲಿ ಊಟಕ್ಕೆ ಕೂರುವಂತಿರಲಿಲ್ಲ. ಆಂಜೆಲಾಬಾಯಿ ಎಂದಿನಂತೆ ಬಲಗೈ ಎತ್ತಲು ಹೋದರು. ಕೈ ಏಳಲಿಲ್ಲ. ತೊಡೆಯ ಮೇಲೆ ಇದ್ದಲ್ಲೇ ಇತ್ತು.

"ದೇವರೇ... ಇದೆಂತ ಆಯಿತು ನನಗೆ?"

ಅಂದು ಮಧ್ಯಾಹ್ನವಷ್ಟೇ ಬಹರೈನಿನಿಂದ ಮಗ ಲಿಯೋನೆಲ್‌ನ ಕಾಗದ ಬಂದಿತ್ತು. ಹೆಂಡತಿಗೆ ವೀಸಾ ಸಿಕ್ಕಿದೆ, ತಿಂಗಳ ಕೊನೆಯೊಳಗೆ ಹೊರಡದಿದ್ದರೆ ಅದು ರದ್ದಾಗುತ್ತದೆ. ಎಪ್ಪತ್ತೊಂಬತ್ತನೇ ಇಸವಿಯ ಆ ದಿನಗಳಲ್ಲಿ ಇನ್ನೊಂದು ವೀಸಾ ಸಿಗುವ ಭರವಸೆ ಯಾರಿಗೂ ಇರಲಿಲ್ಲ. ಎರಡು ಸುದ್ದಿಯೂ ಊರಲ್ಲಿ ಒಟ್ಟಿಗೇ ಹರಡಿದವು, ಊರು ಎರಡನ್ನೂ ಕೂಡಿಸಿಕೊಂಡಿತು. ಇಂಥ ಲೆಕ್ಕದಲ್ಲಿ ಊರು ಬಹಳ ಚುರುಕು.

"ಮಾಂಯ್‌ದು ನಾಟಕ, ಅತ್ತಿಗೆ. ನೀವು ಹೊರಡಿ" ಎಂದ ಮೈದುನ ಮೌರಿಸ್.

ಡುಲ್ಸಿನ್ ನಂಬಲಿಲ್ಲ. ಬಿಸಿ ಗಂಜಿ ಆ ಕೈಮೇಲೆ ಚೆಲ್ಲಿದಾಗ ಅತ್ತೆಗೆ ಗೊತ್ತೇ ಆಗಿರಲಿಲ್ಲ. ನಾಟಕಕ್ಕೆ ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು? ಅವಳಿಗೆ ವಿಚಿತ್ರವೆನಿಸಿದ್ದು ಬೇರೆಯೇ. ಮದುವೆಯಾದಂದಿನಿಂದ ಅವಳ ಸಾರಿನಲ್ಲಿ ಉಪ್ಪಿನ ತಪ್ಪು ಹುಡುಕುತ್ತಿದ್ದ ಅತ್ತೆ, ಈಗ ಬಂದವರೆದುರೆಲ್ಲ ಸೊಸೆಯನ್ನು ಹೊಗಳುತ್ತಿದ್ದರು.

ಮಣಿಪಾಲದಲ್ಲಿ ನರದ ಡಾಕ್ಟರಿಗೆ ಏನೂ ಸಿಗಲಿಲ್ಲ. ಅವರು ಮನಸ್ಸಿನ ಡಾಕ್ಟರ ಬಳಿಗೆ ಕಳಿಸಿದರು. ಆ ತರುಣ ಡಾಕ್ಟರು ಅತ್ತೆಯೊಡನೆ ಬಹಳ ಹೊತ್ತು ಮಾತಾಡಿ, ಆಮೇಲೆ ಸೊಸೆಯನ್ನು ಒಬ್ಬಳನ್ನೇ ಕರೆದರು.

"ಅವರು ಸುಳ್ಳು ಹೇಳುವುದಿಲ್ಲ, ಅದನ್ನು ಮೊದಲು ನಂಬಿ. ಮನಸ್ಸಿನೊಳಗೆ ಒಂದು ಸಂಸಾರವೇ ಉಂಟಮ್ಮ. ಈಗಲೇ ಬೇಕೆಂದು ಹಟ ಹಿಡಿಯುವ ಮಗು ಒಂದು, ಅದು ಇಡ್. ಬೇಡ, ಪಾಪ ಎಂದು ಗದರಿಸುವ ಹಿರಿಯರು ಸೂಪರ್ ಈಗೋ. ಇಬ್ಬರನ್ನೂ ಸುಧಾರಿಸಿಕೊಂಡು ಹೊರಗಿನವರಿಗೂ ಮುಖ ಕೊಡಬೇಕಾದದ್ದು ಈಗೋ."

"ಸೊಸೆಯ ಹಾಗೆ" ಎಂದಳು ಡುಲ್ಸಿನ್.

ಡಾಕ್ಟರು ನಕ್ಕರು. "ಹಾಗೆಯೇ. ಒಪ್ಪಿಕೊಳ್ಳಲಾಗದ ಆಸೆಯನ್ನು ಅದು ಕತ್ತಲೆ ಕೋಣೆಗೆ ತಳ್ಳಿ ಚಿಲಕ ಹಾಕುತ್ತದೆ. ಆ ಕೋಣೆಯೇ ಸುಪ್ತ ಮನಸ್ಸು. ಒಳಗಿದ್ದದ್ದು ಸುಮ್ಮನಿರುತ್ತದಾ? ಬೇರೆ ದಾರಿಯಲ್ಲಿ ಹೊರಗೆ ಬರುತ್ತದೆ. ಸೊಸೆ ಹೋಗುವುದು ಬಹಳ ಸಂತೋಷ ಅಂತ ನಾನು ಕೇಳದೆಯೇ ಅವರು ಮತ್ತೆ ಮತ್ತೆ ಹೇಳಿದರು. ಹೊರಟವರಿಗೆ ನಿಮ್ಮಲ್ಲಿ ಹಿರಿಯರು ಎಂತ ಕೊಡಬೇಕು?"

"ಆಶೀರ್ವಾದ."

"ಯಾವ ಕೈಯಿಂದ?"

ಡುಲ್ಸಿನ್ ಕಾರ್ಕಳದ ಬಸ್ಸಿನಲ್ಲಿ ಅತ್ತೆಯ ಆ ಕೈಯನ್ನು ತನ್ನ ಮಡಿಲಲ್ಲಿಟ್ಟುಕೊಂಡೇ ಕೂತಳು.

ತಿಂಗಳು ಮುಗಿಯುತ್ತ ಬಂತು. ಗಂಡನ ಮುಖ ನೋಡಿ ಮೂರು ವರ್ಷವಾಗಿತ್ತು. ಆದರೂ ಕೈ ಬಿದ್ದವರನ್ನು ಬಿಟ್ಟು, ಆಶೀರ್ವಾದವಿಲ್ಲದೆ ಹೊಸ್ತಿಲು ದಾಟುವುದು ಅವಳಿಂದಾಗಲಿಲ್ಲ. ಒಂದು ಸಂಜೆ ಪ್ರಾರ್ಥನೆ ಮುಗಿಯುತ್ತಲೇ ಅತ್ತೆಯ ಕಾಲ ಬಳಿ ಕುಸಿದಳು.

"ನಾನು ಹೋಗುವುದಿಲ್ಲ, ಮಾಂಯ್. ಅವರಿಗೆ ಬರೆದುಬಿಡುತ್ತೇನೆ..."

ಅಳು ನುಗ್ಗಿ ಬಂತು. ಆಗ ತಲೆಯ ಮೇಲೆ ಏನೋ ಬೆಚ್ಚಗೆ ತಾಗಿತು. ಅತ್ತೆಯ ಬಲಗೈ!

ಆಂಜೆಲಾಬಾಯಿ ಆ ಕೈಯನ್ನು ಕಳ್ಳನನ್ನು ನೋಡುವಂತೆ ನೋಡಿದರು.

"ಹಾಗಾದರೆ ಮೌರಿಸ್ ಹೇಳಿದ್ದೇ ಸರಿಯಾ?"

"ಇಲ್ಲ, ಮಾಂಯ್. ನಿಮಗೆ ಗೊತ್ತಿರಲಿಲ್ಲ."

"ನೀನು ಇಲ್ಲಿದ್ದರೆ ತಾನೆ ಅವನು ಊರಿಗೆ ಬರುವುದು... ನನಗಾಗಿ ಬರುತ್ತಾನಾ? ಇಷ್ಟೇ ಉಂಟು ಈ ಕೈಯೊಳಗೆ. ಇಷ್ಟಕ್ಕೆ ನಿನ್ನ ಸಂಸಾರ ಹಾಳು ಮಾಡಲು ಹೊರಟಿದ್ದೆ."

ಡುಲ್ಸಿನ್ ಸಮಾಧಾನದ ಮಾತು ಹೇಳಲಿಲ್ಲ. ಅತ್ತೆಯ ಭಯ ಸುಳ್ಳೇನೂ ಆಗಿರಲಿಲ್ಲ.

"ನಾಳೆಯೇ ಪೆಟ್ಟಿಗೆ ಕಟ್ಟು" ಎಂದರು ಆಂಜೆಲಾಬಾಯಿ.

ಹೊರಡುವ ಬೆಳಿಗ್ಗೆ ಟ್ಯಾಕ್ಸಿ ಬಂತು. ಮೌರಿಸ್ ಪೆಟ್ಟಿಗೆ ಏರಿಸಿದ. ಡುಲ್ಸಿನ್ ಜಗಲಿಯ ಮೆಟ್ಟಿಲಿಗೆ ಕಾಲಿಟ್ಟವಳು ತಿರುಗಿ ತಲೆಬಾಗಿ ನಿಂತಳು. "ಬೆಸಾಂವ್ ದೀ, ಮಾಂಯ್."

ಕೈ ಏಳಲಿಲ್ಲ.

ಮೆಟ್ಟಿಲಿಗಿಟ್ಟ ಕಾಲನ್ನು ಅವಳು ಹಿಂದೆ ತೆಗೆದಳು. ಆಂಜೆಲಾಬಾಯಿಯವರ ಹಣೆ ಬೆವರಿತು. ಎಡಗೈಯಿಂದ ತಮ್ಮ ಬಲಗೈಯ ಮಣಿಕಟ್ಟನ್ನು ಹಿಡಿದು, ಭಾರದ ಕೊಡ ಎತ್ತುವಂತೆ ಎತ್ತಿ, ಸೊಸೆಯ ತಲೆಯ ಮೇಲಿಟ್ಟರು.

"ದೇವ್ ಬರೆಂ ಕರುಂ, ದೇವರು ಒಳ್ಳೆಯದು ಮಾಡಲಿ. ಇನ್ನು ನಡೆ. ಈ ಕೈಯ ಮಾತು ಕೇಳಬೇಡ, ನಾನು ಹೇಳುತ್ತಿದ್ದೇನೆ."