ಮಾದಣ್ಣನ ತೆಪ್ಪಕ್ಕೆ ಪಂಪ್ ಸ್ಟೌವು

ಯಾರ್ಲಾ ಅದು, ತಾತಂಗೆ ಅರಳುಮರಳು ಅಂದೋನು? ನಿನ್ನೆ ಉಂಡದ್ದ ಮರೀಬೋದು ಕನ್ಲಾ, ಇದ ಮರೆಯಲ್ಲ. ಕೊಳ್ಳೇಗಾಲ ಇನ್ನೂ ಮದ್ರಾಸಿಗೆ ಸೇರಿದ್ದ ಕಾಲ. ಬಾಯಿ ಮುಚ್ಕಂಡು ಕೇಳಿ.

"ಇದೇ ಬೇಕು ಕನಪ್ಪ," ಅಂತ ಚಿಕ್ಕನಿಂಗಿ ಅಂಗಡೀಲಿ ಹಿತ್ತಾಳೆ ಪಂಪ್ ಸ್ಟೌವ ತಬ್ಕಂಡು ನಿಂತ್ಬುಟ್ಲು. ನಾಲ್ಕನೇ ಕ್ಲಾಸು ಕೂಸು. ಸ್ಕೂಲಿಗೆ ದಸರಾ ರಜ. ರಜ ಬಂದ್ರೆ ಅಪ್ಪ ಮಾದಣ್ಣನ ಜೊತೆ ತೆಪ್ಪದಲ್ಲಿ ಓಗೋಳು. ಕಾವೇರೀಲಿ ಮೀನು ಇಡ್ಕಂಡು, ಮರಳು ದಿಬ್ಬದ ಮೇಲೆ ಅಟ್ಟು ಉಂಡು, ನಾಕ್ ದಿನ ಬುಟ್ಟು ಬರೋರು. ಮಳೇಲಿ ಸೌದೆಯೆಲ್ಲ ಹಸಿ. ಹೊಗೆಗೆ ಕಣ್ಣುರಿ, ಅನ್ನ ಅರೆಬೆಂದದ್ದು. ಅದಕ್ಕೇ ಒಲೆ ತಕಳಕ್ಕೆ ಬಂದಿದ್ದು.

ಮಾದಣ್ಣನ ಕಣ್ಣು ಕಬ್ಬಿಣದ ಇದ್ದಿಲೊಲೆ ಮೇಲಿತ್ತು. ಬಿದ್ರೂ ಏನೂ ಚೆಲ್ಲಲ್ಲ ಅಂದ. ಇದ್ದಿಲು ನೆಂದ್ರೆ ಏನ್ಮಾಡೀಯೆ ಅಂತ ಮಗಳು ವಾದಕ್ಕೆ ನಿಂತ್ಲು. ಅಂಗಡಿ ಸದಾಶಿವಪ್ಪನೋರು ನಕ್ಕು, ಎತ್ತಿಡೋವಾಗ ಗಾಳಿ ತಿರುಪ ಬಿಗಿ ಮಾಡ್ಬೇಕು, ಇಲ್ದಿದ್ರೆ ಸೀಮೆಣ್ಣೆ ಸೋರ್ತದೆ, ಅಷ್ಟೇಯ ಅಂದ್ರು.

"ಸ್ಕೂಲಲ್ಲಿ ಓದೋಳು ನಾನಾ, ನೀನಾ?" ಅಂದ್ಲು ನಿಂಗಿ.

ಮಾದಣ್ಣ ಸೋತ.

ಮೊದಲ ದಿನ ಅನ್ನ ಚಿಟಿಕೆ ಹೊಡೆಯೋದ್ರಲ್ಲಿ ಬೆಂತು. ನಿಂಗಿಗೆ ಜಂಬವೋ ಜಂಬ. ಮಾರನೆ ಸಂಜೆ ಮೋಡ ಕಟ್ತು. ಗಡಿಬಿಡೀಲಿ ಸ್ಟೌವ ದಡಕ್ಕೆ ಕಟ್ಟಿದ್ದ ತೆಪ್ಪದೊಳಕ್ಕೆ ಮಡಗಿ, ಮೇಲೆ ಬಲೆ ಮುಚ್ಚಿ ಬಂಡೆ ಮರೆಗೆ ಓಡಿಬಂದ್ಲು. ತಿರುಪು ಬಿಗಿ ಮಾಡೋದ ಮರೆತ್ಲು. ಅಲೆಗೆ ಸ್ಟೌವು ಮಗ್ಗುಲಾಗಿ, ಬೆಳಗಾಗೋವರ್ಗೂ ಸೀಮೆಣ್ಣೆ ಸೋರ್ತು.

ನಿಮಗೆಲ್ಲಿ ಗೊತ್ತು? ತೆಪ್ಪ ಅಂದ್ರೆ ಬಿದಿರು ಬುಟ್ಟಿಗೆ ಎಮ್ಮೆ ಚರ್ಮ ಹೊಲಿದು, ಹೊಲಿಗೆಗೆ ಡಾಂಬ್ರು ಮೆತ್ತಿರೋದು. ಸೀಮೆಣ್ಣೆ ತಾಗುದ್ರೆ ಆ ಡಾಂಬ್ರು ಬೆಣ್ಣೆ ಆಗೋಯ್ತದೆ.

ಬೆಳಿಗ್ಗೆ ನಡುನೀರಲ್ಲಿ ನಿಂಗಿ ಪಾದ ತಣ್ಣಗಾಯ್ತು. ಬಗ್ಗಿ ನೋಡುದ್ರೆ ಹೊಲಿಗೆ ಬಾಯಿ ಬುಟ್ಟದೆ. ಅಪ್ಪ ಬೆರಳಲ್ಲಿ ಸವರಿ, ಮೂಸಿ, ಜೋರಾಗಿ ಹುಟ್ಟು ಹಾಕ್ದ. ನಿಂಗಿ ಅನ್ನದ ಪಾತ್ರೇಲಿ ನೀರ ಮೊಗೆದು ಮೊಗೆದು ಚೆಲ್ಲುದ್ಲು. ದಡ ಸಿಕ್ಕೋ ಒತ್ಗೆ ಅವಳ ಮೊಣಕಾಲುದ್ದ ನೀರು. ಮಗಳ ಎತ್ತಿ ದಡಕ್ಕೆ ಬುಟ್ಟು ತಿರುಗೋದ್ರೊಳಗೆ, ತೆಪ್ಪ, ಬಲೆ, ಎಲ್ಲಾ ಸುಳೀಲಿ ಓಯ್ತು.

ಆ ಮನೆಗೆ ಅನ್ನ ಹಾಕ್ತಿದ್ದದ್ದು ಅದೊಂದೇ ತೆಪ್ಪ.

ಇನ್ನೊಬ್ಬ ತೆಪ್ಪದೋನು, ಹನುಮಯ್ಯ, ಓಡಿಬಂದು ಏನಾಯ್ತು ಅಂತ ಕೇಳ್ದ.

"ಬಂಡೆ ತಾಕ್ತು ಕನ," ಅಂದ ಮಾದಣ್ಣ. "ನಾಳೆಯಿಂದ ನಿನ್ನ ತೆಪ್ಪಕ್ಕೆ ಕೂಲಿಗೆ ಬರ್ಲಾ?"

ನಿಜ ಹೇಳಕ್ಕೆ ನಿಂಗಿ ಬಾಯಿ ತೆಗೆದ್ಲು. ಅಪ್ಪ ಅವಳ ಕೈಯ ಇಡ್ಕಂಡ. ಅವನ ಬೆರಳಿನ ಡಾಂಬ್ರು ಅವಳ ಬೆರಳಿಗೂ ಅಂಟ್ತು. ಸೀಮೆಣ್ಣೆ ವಾಸನೆ ಹೊಡೀತಿತ್ತು. ಅಪ್ಪಂಗೆ ಎಲ್ಲಾ ಗೊತ್ತು.

ಮನೆ ತಂಕ ನಿಂಗಿ ಆ ಕೈಯ ಬುಡಲಿಲ್ಲ.

ಅಷ್ಟೇ ಕನ್ರಪ್ಪ. ನೀವು ರೆಕಾರ್ಡ್ ಮಾಡ್ಕಂಡಿರೋ ಇದ ನಿಮ್ಮ ಫೋನಲ್ಲೇ ಮಡಿಕಬ್ಯಾಡಿ. ಯಳಂದೂರಲ್ಲಿರೋ ಮಕ್ಕಳಿಗೂ ಕಳಿಸಿ, ಕೇಳ್ಲಿ.